ಹಿಮ್ಮೇಳದಲ್ಲಿ ಊದುವವನು

ರಾತ್ರಿಯ ಊಟ ಮುಗಿಸಿ, ಎಲೆಯಡಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು, ರೇಡಿಯೋದ ಗುಂಡಿಯನ್ನು ಮೆಲ್ಲನೆ ತಿರುಗಿಸಿ ಯಕ್ಷಗಾನದ ಪದಗಳನ್ನೋ ತಾಳಮದ್ದಳೆಯನ್ನೋ ಹಿಡಿದ ಅನುಭವ ನಮ್ಮಲ್ಲಿ ಅನೇಕರಿಗಿದೆ. ಮೊದಲು ಕಿವಿಗೆ ಬೀಳುವುದು ಭಾಗವತರ ಕಂಠ. ಅದರ ಬೆನ್ನಿಗೆ ಮದ್ದಳೆಯ ನುಡಿತ, ಆಮೇಲೆ ಚೆಂಡೆಯ ಪೆಟ್ಟು. ಇವೆಲ್ಲದರ ಅಡಿಯಲ್ಲಿ ಇನ್ನೊಂದು ಸ್ವರವಿದೆ. ಅದು ಏರುವುದಿಲ್ಲ, ಇಳಿಯುವುದಿಲ್ಲ. ಪದ್ಯ ಮುಗಿದು ಅರ್ಥಧಾರಿಗಳು ಮಾತಿಗೆ ತೊಡಗುವ ತನಕ ಹಾಗೆಯೇ ನಿಂತಿರುತ್ತದೆ. ಕೇಳುವವರು ಅದನ್ನು ಕೇಳಿಯೂ ಕೇಳರು. ಅದು ನಿಂತಾಗ ಮಾತ್ರ, ಏನೋ ಕಡಿಮೆಯಾಯಿತಲ್ಲ ಎನ್ನಿಸುತ್ತದೆ.

ಅದೇ ಶ್ರುತಿ. ಈಗ ಅದನ್ನು ಕೊಡುವುದು ವಿದ್ಯುತ್ತಿನಿಂದ ನಡೆಯುವ ಒಂದು ಪುಟ್ಟ ಪೆಟ್ಟಿಗೆ. ಅದಕ್ಕೂ ಮುಂಚೆ ಹಾರ್ಮೋನಿಯಂ. ಅದಕ್ಕೂ ಹಿಂದೆ ಹೋದರೆ ಸಿಕ್ಕುವುದು ಪೆಟ್ಟಿಗೆಯಲ್ಲ, ಒಬ್ಬ ಮನುಷ್ಯ. ಪುಂಗಿಯನ್ನು ಬಾಯಿಗಿಟ್ಟುಕೊಂಡು ರಾತ್ರಿಯಿಡೀ ಊದುತ್ತ ಕುಳಿತವನು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿ ಆಟದ ಚರಿತ್ರೆಯನ್ನು ಬರೆದವರು ವೇಷಧಾರಿಗಳನ್ನು ನೆನೆದಿದ್ದಾರೆ, ಭಾಗವತರನ್ನು ನೆನೆದಿದ್ದಾರೆ, ಚೆಂಡೆ ಮದ್ದಳೆಯವರನ್ನೂ ಬಿಟ್ಟಿಲ್ಲ. ಊದುವವನನ್ನು ನೆನೆದವರು ಕಡಿಮೆ. ಅವನು ಆಟದ ರಂಗಸ್ಥಳದಿಂದ ಯಾಕೆ ಎದ್ದುಹೋದ, ಎದ್ದವನು ಎಲ್ಲಿಗೆ ಹೋದ ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ದೂರದ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ಸಂಗೀತ ನಾಟಕಶಾಲೆಗಳಲ್ಲಿ ವಾದ್ಯಗಾರರು ಕುಳಿತುಕೊಳ್ಳುವುದು ರಂಗದ ಮುಂದಿನ ಒಂದು ತಗ್ಗಿನಲ್ಲಿ. ಜಾಗ ಇಕ್ಕಟ್ಟು. ಒಂದೊಂದು ಊದುವ ವಾದ್ಯಕ್ಕೆ ಒಬ್ಬೊಬ್ಬನನ್ನು ಕೂರಿಸಲು ಸ್ಥಳವೂ ಇಲ್ಲ, ಕಂಪನಿಯ ಯಜಮಾನನಿಗೆ ಮನಸ್ಸೂ ಇಲ್ಲ. ಆದ್ದರಿಂದ ಒಬ್ಬನೇ ಕೊಳಲನ್ನೂ ಕ್ಲಾರಿಯೊನೆಟನ್ನೂ ಸ್ಯಾಕ್ಸೊಫೋನನ್ನೂ ಸರದಿಯಲ್ಲಿ ಊದುವ ಪದ್ಧತಿ ಅಲ್ಲಿ ಬೆಳೆಯಿತು. ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತ ರಚಿಸಿದ, ೧೯೫೭ರಲ್ಲಿ ರಂಗಕ್ಕೆ ಬಂದ 'ವೆಸ್ಟ್ ಸೈಡ್ ಸ್ಟೋರಿ' ಎಂಬ ನಾಟಕದಲ್ಲಿ ಊದುವವರು ಐದು ಮಂದಿ. ಅವರಲ್ಲಿ ಒಬ್ಬನ ಪಾಲಿಗೆ ಬಂದದ್ದು ಏಳೆಂಟು ವಾದ್ಯ! ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳಲು ಕೆಲವು ಸಲ ನಾಲ್ಕು ಕ್ಷಣ ಸಿಕ್ಕಿದರೆ ಹೆಚ್ಚು.

ಇದು ಕೈಚಳಕದ ಮಾತಷ್ಟೇ ಅಲ್ಲ. ಕೊಳಲಿಗೆ ನಾಲಿಗೆಯಿಲ್ಲ, ತುಟಿಯಿಂದ ಹೊರಟ ಗಾಳಿ ರಂಧ್ರದ ಅಂಚಿಗೆ ತಗುಲಿ ನಾದವಾಗುತ್ತದೆ. ಕ್ಲಾರಿಯೊನೆಟಿಗೂ ಸ್ಯಾಕ್ಸೊಫೋನಿಗೂ ಜೊಂಡಿನ ಒಂದು ನಾಲಿಗೆ. ಓಬೋ ಎಂಬ ವಾದ್ಯಕ್ಕೆ, ನಮ್ಮ ನಾಗಸ್ವರದಂತೆ, ಎರಡು ನಾಲಿಗೆ. ಒಂದೊಂದಕ್ಕೂ ತುಟಿ ದವಡೆಗಳ ಬಿಗಿತ ಬೇರೆ, ಗಾಳಿಯ ಒತ್ತಡ ಬೇರೆ. ಕೆಳಗಿಟ್ಟ ವಾದ್ಯ ತಣ್ಣಗಾಗಿ ಶ್ರುತಿ ಇಳಿದಿರುತ್ತದೆ, ನಾಲಿಗೆ ಒಣಗಿರುತ್ತದೆ. ಇಷ್ಟನ್ನೆಲ್ಲ ನಿಭಾಯಿಸುವವನಿಗೆ ಅಲ್ಲಿಯ ಸಂಗೀತಗಾರರ ಸಂಘ ಒಂದು ನ್ಯಾಯ ಮಾಡಿಟ್ಟಿದೆ: ಎರಡನೆಯ ವಾದ್ಯ ಹಿಡಿದರೆ ಸಂಬಳ ಹೆಚ್ಚು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಮ್ಮ ಕಡೆಗೆ ಬರೋಣ. ನೇತ್ರಾವತಿಯ ದಂಡೆಯ ಬಂಟ್ವಾಳ, ಧರ್ಮಸ್ಥಳವನ್ನು ಒಳಗೊಂಡ ಬೆಳ್ತಂಗಡಿ, ಬಸದಿಗಳ ಮೂಡಬಿದಿರೆ, ಈ ಮೂರೂ ತೆಂಕುತಿಟ್ಟಿನ ಯಕ್ಷಗಾನದ ನೆಲ. ಧರ್ಮಸ್ಥಳದ ಮಂಜುನಾಥಸ್ವಾಮಿಯ ಹೆಸರಿನ ಮೇಳ ಬೆಳ್ತಂಗಡಿ ತಾಲೂಕಿನದು. ಕಟೀಲು ಮೇಳದಲ್ಲಿ ಹೆಸರು ಮಾಡಿದ, ಏರುಶ್ರುತಿಯ ಹಾಡುಗಾರಿಕೆಗೆ ಖ್ಯಾತರಾದ ಬಲಿಪ ನಾರಾಯಣ ಭಾಗವತರು (೧೯೩೮–೨೦೨೩) ನೆಲೆಸಿದ್ದು ಮೂಡಬಿದಿರೆಯ ಹತ್ತಿರದ ಮಾರೂರಿನಲ್ಲಿ. ಇನ್ನೂ ಹಿಂದಕ್ಕೆ ಹೋದರೆ, ಹದಿನಾರನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿ ತನ್ನ 'ಭರತೇಶ ವೈಭವ'ದಲ್ಲಿ ಪೂರ್ವನಾಟಕ ಸಂಧಿ, ಉತ್ತರನಾಟಕ ಸಂಧಿ ಎಂದು ಎರಡು ಸಂಧಿಗಳನ್ನೇ ರಂಗದ ನರ್ತನಕ್ಕೆ ಮೀಸಲಿಟ್ಟ. ಹಾಡು, ಕುಣಿತ, ವಾದ್ಯ ಒಂದೆಡೆ ಕೂಡುವುದು ಇಲ್ಲಿಯ ಜನಕ್ಕೆ ಹೊಸದಲ್ಲ.

ಬಯಲಾಟದಲ್ಲಿ ವಾದ್ಯಗಾರರಿಗೆ ತಗ್ಗಿಲ್ಲ. ಅವರು ರಂಗಸ್ಥಳದ ಹಿಂಬದಿಯಲ್ಲಿ, ಎಲ್ಲರಿಗೂ ಕಾಣುವಂತೆ ಇರುತ್ತಾರೆ; ಹಿಮ್ಮೇಳ ಎಂಬ ಹೆಸರೇ ಅದನ್ನು ಹೇಳುತ್ತದೆ. ನಡುವೆ ಜಾಗಟೆ ಹಿಡಿದ ಭಾಗವತರು. ಅವರೇ ಆಟದ ಸೂತ್ರಧಾರರು. ವೇಷ ಯಾವಾಗ ಬರಬೇಕು, ಕುಣಿತ ಎಷ್ಟು ಬೆಳೆಯಬೇಕು, ಮಾತು ಎಲ್ಲಿ ನಿಲ್ಲಬೇಕು ಎಲ್ಲವೂ ಅವರ ಕೈಯಲ್ಲಿ. ಪಕ್ಕದಲ್ಲಿ ಮದ್ದಳೆ, ಚೆಂಡೆ, ಚಕ್ರತಾಳ. ಇವರ ಜೊತೆಗೆ ಒಂದು ಮೂಲೆಯಲ್ಲಿ ಶ್ರುತಿಯವನು.

ಧ್ವನಿವರ್ಧಕ ಬರುವ ಮುಂಚಿನ ಆಟವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಕೊಯಿಲು ಮುಗಿದ ಗದ್ದೆ, ದೀವಟಿಗೆಯ ಬೆಳಕು, ಸುತ್ತ ನೂರಾರು ಜನ. ಚೆಂಡೆಯ ಮೊಳಗು ಎರಡು ಮೂರು ಮೈಲಿಗೆ ಕೇಳಿಸುತ್ತದೆ. ಅದನ್ನು ಮೀರಿ ಪದ್ಯದ ಅಕ್ಷರ ಅಕ್ಷರವೂ ಗದ್ದೆಯ ಕೊನೆಯ ಬದುವಿನಲ್ಲಿ ಕುಳಿತ ಅಜ್ಜನಿಗೆ ಮುಟ್ಟಬೇಕು. ಭಾಗವತಿಕೆ ಏರುಶ್ರುತಿಯದಾದದ್ದು ಈ ಕಾರಣದಿಂದ. ಮೆಲ್ಲನೆ ಮೀಟುವ ತಂಬೂರಿ ಇಂಥಲ್ಲಿ ಏನು ಮಾಡೀತು? ಅದರ ದನಿ ಪಕ್ಕದ ಮದ್ದಳೆಯವನಿಗೂ ಕೇಳಿಸದು. ಚೆಂಡೆಯ ಗದ್ದಲವನ್ನು ಸೂಜಿಯಂತೆ ತೂರಿ ಭಾಗವತರ ಕಿವಿಗೆ ಹೋಗಬಲ್ಲದ್ದು ಜೊಂಡಿನ ನಾಲಿಗೆಯ ವಾದ್ಯ ಮಾತ್ರ. ಪುಂಗಿಯನ್ನು ಆರಿಸಿಕೊಂಡವರು ದಡ್ಡರಲ್ಲ.

ಪುಂಗಿಯನ್ನು ಊದುವುದು ಸುಲಭ, ನಿಲ್ಲಿಸದೆ ಊದುವುದು ಕಷ್ಟ. ಶ್ರುತಿ ಎಂದಮೇಲೆ ನಡುವೆ ಉಸಿರಿಗಾಗಿ ಬಿಡುವಂತಿಲ್ಲ. ಊದುವವನು ಕೆನ್ನೆಗಳಲ್ಲಿ ಗಾಳಿಯನ್ನು ತುಂಬಿಟ್ಟುಕೊಂಡು, ಆ ಗಾಳಿಯನ್ನು ಒತ್ತುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನು ಸೆಳೆದುಕೊಳ್ಳಬೇಕು. ಲೋಟದ ನೀರಿನಲ್ಲಿ ಹುಲ್ಲುಕಡ್ಡಿ ಇಟ್ಟು, ಗುಳ್ಳೆ ನಿಲ್ಲದಂತೆ ಊದಿ ಊದಿ ಇದನ್ನು ಅಭ್ಯಾಸ ಮಾಡಬಹುದು. ಹುಡುಗನಾಗಿದ್ದಾಗ ನಾನೂ ಪ್ರಯತ್ನಿಸಿ, ಮೂಗಿನೊಳಗೆ ನೀರು ಹೋಗಿ ಬೈಸಿಕೊಂಡದ್ದುಂಟು. ಇಷ್ಟು ಕಷ್ಟದ ವಿದ್ಯೆ. ಆದರೆ ಅದರ ಫಲ ಒಂದೇ ಸ್ವರ. ರಾಗವಿಲ್ಲ, ಕಲ್ಪನೆಯಿಲ್ಲ, ಚಪ್ಪಾಳೆಯಿಲ್ಲ.

ಊದುವ ವಾದ್ಯಕ್ಕೆ ಎಲ್ಲ ಕಡೆಯೂ ಇದೇ ಗತಿಯಾಗಲಿಲ್ಲ ಎನ್ನುವುದನ್ನು ಗಮನಿಸಬೇಕು. ಘಟ್ಟದ ಮೇಲೆ, ತುಮಕೂರು ಮೊದಲಾದ ಕಡೆಗಳ ಮೂಡಲಪಾಯದ ಆಟಗಳಲ್ಲಿ ಮುಖವೀಣೆ ಇದೆ. ಹೆಸರು ವೀಣೆಯಾದರೂ ಅದಕ್ಕೆ ತಂತಿಯಿಲ್ಲ. ನಾಗಸ್ವರದ ಚಿಕ್ಕ ತಂಗಿ ಅದು. ಅಲ್ಲಿ ಅದು ಭಾಗವತನ ಹಾಡಿನ ಬೆನ್ನುಹತ್ತಿ ರಾಗವನ್ನೇ ನುಡಿಸುತ್ತದೆ. ತಂಜಾವೂರಿನ ಕಡೆ ದೇವದಾಸಿಯರ ನೃತ್ಯದ ಹಿಂದೆ ನಿಂತು ನುಡಿಯುತ್ತಿದ್ದದ್ದೂ ಮುಖವೀಣೆಯೇ; ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸ್ಥಾನಕ್ಕೆ ಇಂಗ್ಲಿಷರ ಬ್ಯಾಂಡಿನಿಂದ ಬಂದ ಕ್ಲಾರಿಯೊನೆಟ್ ಸೇರಿಕೊಂಡಿತು. ಅಲ್ಲಿ ವಾದ್ಯ ಬದಲಾಯಿತು, ಊದುವವನ ಜಾಗ ಉಳಿಯಿತು. ನಮ್ಮ ತೆಂಕಿನ ಆಟದಲ್ಲಾದರೋ ಅವನಿಗೆ ಕೊಟ್ಟ ಕೆಲಸವೇ ಒಂದು ಸ್ವರದ್ದು. ಅಷ್ಟನ್ನು ಮಾಡುವ ಯಂತ್ರ ಯಾವಾಗ ಬಂದೀತು ಎಂದು ಕಾಯುತ್ತಿದ್ದಂತಿತ್ತು.

ಯಂತ್ರ ಬಂತು. ಫ್ರಾನ್ಸಿನಲ್ಲಿ ಹುಟ್ಟಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕಲ್ಕತ್ತೆಯಲ್ಲಿ ಕೈಯಿಂದ ತಿದಿಯೊತ್ತುವ ಪೆಟ್ಟಿಗೆಯಾಗಿ ಮಾರ್ಪಟ್ಟ ಹಾರ್ಮೋನಿಯಂ, ನಾಟಕ ಕಂಪನಿಗಳ ಬಂಡಿಯೇರಿ ಊರೂರು ಸುತ್ತಿತು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೇ ಮೊದಲಾದ ನಾಟಕ ಮಂಡಳಿಗಳಲ್ಲಿ ಹಾರ್ಮೋನಿಯಂ ಮಾಸ್ತರರೆಂದರೆ ಅರ್ಧ ಯಜಮಾನರು. ಕ್ಲಾರಿಯೊನೆಟಿನವರೂ ಕಂಪನಿ ನಾಟಕದ ವಾದ್ಯಗೋಷ್ಠಿಯಲ್ಲಿ ಕಾಣಿಸಿಕೊಂಡರು. ನಾಟಕದಿಂದ ಆಟಕ್ಕೆ ಹಾರ್ಮೋನಿಯಂ ದಾಟಿದಾಗ ಅದರ ದರ್ಜೆ ಇಳಿಯಿತು. ಯಕ್ಷಗಾನದಲ್ಲಿ ಅದನ್ನು ನುಡಿಸುವುದಿಲ್ಲ. ಷಡ್ಜಪಂಚಮಗಳ ಮನೆಗಳನ್ನು ಒತ್ತಿಹಿಡಿದು ತಿದಿಯೊತ್ತುತ್ತಾರೆ, ಅಷ್ಟೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನೂ ಮಾಡಬಹುದಾದ ಕೆಲಸ. ಕೆನ್ನೆಯುಬ್ಬಿಸಿ ಊದುವ ವಿದ್ಯೆಗೆ ಬೆಲೆ ಉಳಿಯಲಿಲ್ಲ. ಆದರೂ ಒಂದು ವಿನೋದವನ್ನು ನೋಡಿ: ಇಂದಿಗೂ ಭಾಗವತರು ತಮ್ಮ ಶ್ರುತಿಯನ್ನು ಹೇಳುವುದು 'ಕಪ್ಪು ಎರಡು', 'ಬಿಳಿ ನಾಲ್ಕು' ಎಂದೇ. ಪೆಟ್ಟಿಗೆ ಮೂಲೆಗೆ ಸೇರಿದರೂ ಅದರ ಮನೆಗಳ ಬಣ್ಣ ಮಾತಿನಲ್ಲಿ ಉಳಿದುಕೊಂಡಿದೆ.

ರೇಡಿಯೋ ಕೇಳುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಬಯಲಿನಲ್ಲಿ ಹೀಗೆ ಊದುಗಾರನ ಪೀಠವನ್ನು ಕಿತ್ತುಕೊಂಡ ಹಾರ್ಮೋನಿಯಂ, ಆಕಾಶವಾಣಿಯ ಬಾಗಿಲಲ್ಲಿ ಬಹಿಷ್ಕೃತವಾಗಿ ನಿಂತಿತ್ತು. ೧೯೪೦ರ ಮಾರ್ಚಿನಲ್ಲಿ ಹಾಕಿದ ನಿಷೇಧ ತೆರವಾದದ್ದು ೧೯೭೧ರಲ್ಲಿ. ಅದರ ಸ್ವರಗಳು ಕಟ್ಟಿಟ್ಟಂಥವು, ಗಮಕ ಅದರಲ್ಲಿ ಹೊರಡದು, ಭಾರತೀಯ ಸಂಗೀತದ ಸೂಕ್ಷ್ಮ ಶ್ರುತಿಗಳನ್ನು ಅದು ಕೆಡಿಸುತ್ತದೆ ಎಂಬುದು ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ನಮ್ಮ ಭಾಗವತರು ಯಾವ ಸಮಿತಿಯನ್ನೂ ಕೂರಿಸದೆ, ಅದಕ್ಕೆ ರಾಗ ಕೊಡದೆ ಬರಿಯ ಶ್ರುತಿ ಕೊಟ್ಟು, ಇದೇ ತೀರ್ಪನ್ನು ತಾವೂ ಕೊಟ್ಟಂತಾಗಿತ್ತು.

ಹಾಗಾದರೆ ಊದುವವರು ಎಲ್ಲಿದ್ದರು? ಆಟದ ಗದ್ದೆಯಿಂದ ಸ್ವಲ್ಪ ಆಚೆ, ದೇವಸ್ಥಾನದ ಅಂಗಳದಲ್ಲಿ, ಭೂತದ ಕೊಡಿಯಡಿಯಲ್ಲಿ ಇದ್ದರು. ತುಳುನಾಡಿನ ನೇಮಕೋಲಗಳನ್ನು ಕಂಡವರಿಗೆ ನಾನು ಹೇಳಬೇಕಾದ್ದಿಲ್ಲ: ಡೋಲು ತಾಸೆಗಳ ಜೊತೆ ನಾಗಸ್ವರವಿಲ್ಲದೆ ಗಗ್ಗರದ ಕಾಲು ಮೇಲೇಳದು. ದೇವಾಡಿಗರೇ ಮೊದಲಾದ ಸಮುದಾಯಗಳ ಮನೆಗಳಲ್ಲಿ ಇದು ತಲೆಮಾರುಗಳ ವಿದ್ಯೆ. ಬೆಳಗ್ಗೆ ದೇವಸ್ಥಾನದ ಪೂಜೆಗೆ ಊದಬೇಕು, ಹಗಲು ಮದುವೆಯ ಮನೆಯಲ್ಲಿ ಊದಬೇಕು, ರಾತ್ರಿ ಕೋಲದಲ್ಲಿ ಊದಬೇಕು. ಮೂರೂ ಕಡೆ ಸಂಗೀತ ಬೇರೆ. ದೇವರ ಮುಂದೆ ಹೊತ್ತಿಗೆ ತಕ್ಕ ರಾಗ. ಮದುವೆಯಲ್ಲಿ ಕೇಳಿದವರು ಕೇಳಿದ ಹಾಡು, ಮುಹೂರ್ತಕ್ಕೆ ಗಟ್ಟಿಮೇಳ. ಕೋಲದಲ್ಲಿ ಕುಣಿಯುವವನ ಹೆಜ್ಜೆ ನಡೆಸಿದಂತೆ. ಒಂದೇ ವಾದ್ಯದಲ್ಲಿ ಮೂರು ವೇಷ ಹಾಕಿದ ಹಾಗೆ.

ಈ ಕೋಲವೂ ಒಂದು ರಂಗವೇ. ಪಾಡ್ದನ ಮುಗಿದು ಅಣಿ ಕಟ್ಟಿದ ಮೇಲೆ ಊದುಗಾರನ ಕಣ್ಣು ಕುಣಿಯುವವನ ಕಾಲಿನ ಮೇಲಿಂದ ಕದಲುವಂತಿಲ್ಲ. ಮುಂದೇನು ಎಂದು ಬರೆದ ಪುಸ್ತಕ ಅಲ್ಲಿಲ್ಲ. ಆವೇಶ ಏರಿದರೆ ಊದು ಏರಬೇಕು, ನುಡಿಕಟ್ಟಿಗೆ ನಿಂತರೆ ತಟ್ಟನೆ ನಿಲ್ಲಬೇಕು. ಬ್ರಾಡ್‌ವೇಯ ತಗ್ಗಿನಲ್ಲಿ ಕುಳಿತವನಿಗೆ ಕೋಲು ಹಿಡಿದ ನಿರ್ದೇಶಕನಿದ್ದಾನೆ. ಇಲ್ಲಿ ದೈವವೇ ನಿರ್ದೇಶಕ!

ನಾಗಸ್ವರದ ಕಟ್ಟನ್ನೂ ಒಂದಿಷ್ಟು ಹೇಳಿಬಿಡುತ್ತೇನೆ, ಮುಂದಿನ ಕಥೆಗೆ ಅದು ಬೇಕು. ಮೇಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ ಮರದ ಕೊಳವೆ, ಏಳು ಬೆರಳಿನ ರಂಧ್ರಗಳು, ತುದಿಯಲ್ಲಿ ಸೀವಾಳಿ ಎಂಬ ಜೋಡು ನಾಲಿಗೆ. ಬದಲಿ ಸೀವಾಳಿಗಳೂ ಅದನ್ನು ಸರಿಪಡಿಸುವ ಕಡ್ಡಿಯೂ ದಾರದಲ್ಲಿ ತೂಗಾಡುತ್ತಿರುತ್ತವೆ. ಬೆರಳಿನಿಂದ ರಂಧ್ರವನ್ನು ಅರ್ಧ ಮುಚ್ಚಿ, ತುಟಿಯಿಂದ ಸೀವಾಳಿಯನ್ನು ಹಿಂಡಿ ಗಮಕಗಳನ್ನು ತೆಗೆಯುತ್ತಾರೆ. ಜೊತೆಗೆ ಶ್ರುತಿಗಾಗಿ ಬೆರಳಿನ ರಂಧ್ರಗಳೇ ಇಲ್ಲದ ಒತ್ತು ಎಂಬ ಇನ್ನೊಂದು ಕೊಳವೆ. ಅದನ್ನು ಊದುವವನ ಪಾಡು ಪುಂಗಿಯವನ ಪಾಡೇ. ಅವನನ್ನೂ ಶ್ರುತಿಪೆಟ್ಟಿಗೆ ಮನೆಗೆ ಕಳುಹಿಸಿತು.

ಈ ವೃತ್ತಿಗೆ ಒಂದು ಋತುವಿದೆ. ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆ, ಅಂದರೆ ಮೇ ತಿಂಗಳ ಕೊನೆಯ ವಾರ ಬಂತೆಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲಗಳು ನಿಲ್ಲುತ್ತವೆ. ಆಮೇಲೆ ಮಳೆ. ಮಳೆಗಾಲದಲ್ಲಿ ಊದುಗಾರನಿಗೆ ದೇವಸ್ಥಾನದ ಪಡಿಯೊಂದೇ ಗತಿ. ಎರಡನೆಯ ವಾದ್ಯಕ್ಕೆ ಹೆಚ್ಚು ಸಂಬಳ ಕೊಡುವ ಸಂಘ ಇಲ್ಲಿರಲಿಲ್ಲ. ಎರಡನೆಯ ವಾದ್ಯ ಕಲಿತರೆ ಎರಡನೆಯ ಮನೆಯಿಂದ ಕರೆ ಬಂದೀತು ಎನ್ನುವಷ್ಟೇ ಆಸೆ. ಇಲ್ಲಿಯವರು ಒಂದಕ್ಕಿಂತ ಹೆಚ್ಚು ವಾದ್ಯಗಳಿಗೆ ಬಾಯಿಕೊಟ್ಟದ್ದು ಹೊಟ್ಟೆಯ ಕಾರಣಕ್ಕೆ. ಅದರಲ್ಲಿ ಅಗೌರವವೇನೂ ಇಲ್ಲ.

ಇಂಥ ಒಂದು ನಾಗಸ್ವರದ ಮನೆಯಲ್ಲಿ, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ, ೧೯೪೯ರ ಡಿಸೆಂಬರಿನಲ್ಲಿ ಗೋಪಾಲನಾಥರು ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರದವರು. ಹುಡುಗ ಒಮ್ಮೆ ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮರುಳಾದ. ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತ ೧೮೪೬ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ಹಿತ್ತಾಳೆಯದಾದರೂ, ನಾಲಿಗೆ ಜೊಂಡಿನದಾದ್ದರಿಂದ ಮರದ ವಾದ್ಯಗಳ ಪಂಕ್ತಿಯಲ್ಲೇ ಕೂರುತ್ತದೆ. ನಾಗಸ್ವರದಂತೆ ಇದರ ಕೊಳವೆಯೂ ಕೆಳಗೆ ಅಗಲವಾಗುತ್ತ ಹೋಗುವಂಥದು. ಆದ್ದರಿಂದ ಎರಡರಲ್ಲಿಯೂ ಗಾಳಿಯನ್ನು ಬಿಗಿ ಮಾಡಿದರೆ ಅದೇ ಬೆರಳಿಗೆ ಮೇಲಿನ ಸ್ಥಾಯಿಯ ಅದೇ ಸ್ವರ ಹೊರಡುತ್ತದೆ. ನೇರ ಕೊಳವೆಯ ಕ್ಲಾರಿಯೊನೆಟ್ ಹಾಗಲ್ಲ, ಅದು ಸ್ಥಾಯಿಯನ್ನು ದಾಟಿ ಪಂಚಮಕ್ಕೆ ಹಾರುತ್ತದೆ. ನಾಗಸ್ವರದ ಮನೆಯವನಿಗೆ ಸ್ಯಾಕ್ಸೊಫೋನು ದೂರದ ನೆಂಟನಂತೆ ಕಂಡಿರಬಹುದು.

ಆದರೆ ತೊಡಕು ಬೆರಳಿನದು. ಸ್ಯಾಕ್ಸೊಫೋನಿನ ರಂಧ್ರಗಳಿಗೆ ಬೆರಳು ತಾಗುವುದೇ ಇಲ್ಲ. ನಡುವೆ ಕೀಲಿ, ಕೀಲಿಯ ತುದಿಯಲ್ಲಿ ತೊಗಲಿನ ಬಿಲ್ಲೆ. ಅರ್ಧ ಮುಚ್ಚುವ, ಜಾರಿಸುವ ಉಪಾಯಕ್ಕೆ ಅವಕಾಶವಿಲ್ಲ. ಹಾರ್ಮೋನಿಯಂನ ಮೇಲೆ ಹೊರಿಸಿದ ಆರೋಪವನ್ನು ಇದರ ಮೇಲೂ ಹೊರಿಸಬಹುದಿತ್ತು. ಗೋಪಾಲನಾಥರು ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ವಾದ್ಯದ ಬಿಲ್ಲೆಗಳನ್ನೇ ತಿದ್ದಿ, ತುಟಿ ದವಡೆಗಳಿಂದ ಸ್ವರವನ್ನು ಬಾಗಿಸಿ, ಕರ್ನಾಟಕ ಸಂಗೀತದ ಗಮಕಗಳನ್ನು ಅದರಿಂದ ಹೊರಡಿಸಿದರು. ಇದಕ್ಕೆ ತಗಲಿದ್ದು ಸುಮಾರು ಇಪ್ಪತ್ತು ವರುಷ. ೧೯೮೦ರಲ್ಲಿ ಮುಂಬಯಿಯ ಜಾಸ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ಜೊತೆಯಲ್ಲಿ ನುಡಿಸಿದರು, ೧೯೯೪ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಚೇರಿಗೆ ಕರೆಬಂತು, ೨೦೦೪ರಲ್ಲಿ ಪದ್ಮಶ್ರೀ. ೨೦೧೯ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಕಚೇರಿಯ ಕಥೆ ಎಲ್ಲರಿಗೂ ಗೊತ್ತು. ಆಟದ ಹಿಮ್ಮೇಳಕ್ಕೂ ಸ್ಯಾಕ್ಸೊಫೋನು ಬಂದಿತ್ತು ಎನ್ನುವುದು ಅಷ್ಟು ಪ್ರಚಾರದಲ್ಲಿಲ್ಲ. ಅದನ್ನು ತಂದವರು ಶಿವರಾಮ ಕಾರಂತರು. ಬಂಟ್ವಾಳ ಬೆಳ್ತಂಗಡಿಗಳಿಗೆ ನೆರೆಯ ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಅವರು ಹುಟ್ಟಿದ್ದು ಬಡಗಿನ ಕೋಟದಲ್ಲಿ. ಅವರ ಪ್ರಯೋಗಗಳೂ ಬಡಗುತಿಟ್ಟಿನವು. ೧೯೫೭ರಲ್ಲಿ ಅವರ 'ಯಕ್ಷಗಾನ ಬಯಲಾಟ' ಗ್ರಂಥ ಹೊರಬಂದು ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಆಮೇಲಿನ ವರುಷಗಳಲ್ಲಿ ಅವರು ಕಟ್ಟಿದ ನೃತ್ಯರೂಪದ ಯಕ್ಷಗಾನದಲ್ಲಿ ಮಾತುಗಾರಿಕೆಯನ್ನು ಬಿಟ್ಟು, ಇಡಿಯ ರಾತ್ರಿಯ ಆಟವನ್ನು ಎರಡು ಮೂರು ಗಂಟೆಗಿಳಿಸಿ, ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಸೇರಿಸಿದರು. ಸಂಪ್ರದಾಯಸ್ಥರು ಹುಬ್ಬುಗಂಟಿಕ್ಕಿದರು. ಮದುವೆಯ ಬ್ಯಾಂಡಿನ ವಾದ್ಯಕ್ಕೆ ರಂಗಸ್ಥಳದಲ್ಲಿ ಏನು ಕೆಲಸ?

ಕೆಲಸವಿತ್ತು ಎಂದೇ ನನ್ನ ಎಣಿಕೆ. ಮಾತನ್ನು ತೆಗೆದಮೇಲೆ ಭಾವವನ್ನು ಹೊರುವ ಹೊಣೆಯೆಲ್ಲ ರಾಗದ ಮೇಲೆ ಬೀಳುತ್ತದೆ. ಭಾಗವತರು ಉಸಿರು ತೆಗೆದುಕೊಳ್ಳುವಾಗಲೂ ರಾಗ ಹರಿಯುತ್ತಿರಬೇಕು. ಚೆಂಡೆಯ ಎದುರು ನಿಲ್ಲುವಷ್ಟು ದಪ್ಪ ದನಿಯೂ ಬೇಕು. ಊದುವವನಿಗೆ ಹಿಮ್ಮೇಳದಲ್ಲಿ ಮತ್ತೆ ರಾಗ ನುಡಿಸುವ ಅಧಿಕಾರ ಕೊಟ್ಟದ್ದು ಆ ಪ್ರಯೋಗ. ಮೇಳಗಳು ಅದನ್ನು ಎತ್ತಿಕೊಳ್ಳಲಿಲ್ಲ, ಅದಕ್ಕೂ ಕಾರಣವಿದೆ. ತೆಂಕಿನ ಆಟದಲ್ಲಿ ಮಾತೇ ಅರ್ಧ ಆಟ. ಪದ್ಯ ಇಂದು ನಡೆದಂತೆ ನಾಳೆ ನಡೆಯದು. ಭಾಗವತರ ಮನಸ್ಸಿಗೆ ತೋಚಿದಂತೆ ಏರುತ್ತದೆ, ಕುಣಿಯುವವನನ್ನು ನೋಡಿ ನಿಲ್ಲುತ್ತದೆ. ಬಲಿಪರಂಥವರ ಕಂಠದ ಪಕ್ಕದಲ್ಲಿ ಇನ್ನೊಂದು ದನಿ ಅದನ್ನೇ ಹೇಳಹೊರಟರೆ ದಾರಿಗೆ ಅಡ್ಡ ನಿಂತಂತೆ. ಒಪ್ಪತಕ್ಕ ಮಾತು. ಆದರೆ ಚೆಂಡೆಯ ಪೆಟ್ಟಿಗೆ ಕೊಟ್ಟ ಸ್ವಾತಂತ್ರ್ಯದಲ್ಲಿ ಹತ್ತನೆಯ ಒಂದು ಪಾಲನ್ನು ಊದುವವನಿಗೂ ಕೊಟ್ಟು ಹತ್ತು ವರುಷ ಪಳಗಿಸಿದ್ದರೆ ಏನಾಗುತ್ತಿತ್ತೋ ನೋಡುವ ಭಾಗ್ಯ ನಮಗಿಲ್ಲದೆ ಹೋಯಿತು.

೧೯೭೬ರಲ್ಲಿ ಮಂಗಳೂರಿನಲ್ಲಿ ಆಕಾಶವಾಣಿಯ ನಿಲಯ ಆರಂಭವಾದಮೇಲೆ ಯಕ್ಷಗಾನ ಮನೆಮನೆಯ ಪೆಟ್ಟಿಗೆಯೊಳಗೆ ಬಂತು. ಅತ್ತ ಗೋಪಾಲನಾಥರ ಯಶಸ್ಸನ್ನು ಕಂಡ ಊದುಗಾರರ ಮನೆಗಳಲ್ಲಿ ನಾಗಸ್ವರದ ಪಕ್ಕ ಸ್ಯಾಕ್ಸೊಫೋನು ಬಂದು ಕುಳಿತಿತು. ಮದುವೆಯ ಚಪ್ಪರಕ್ಕೆ ಬಂತು, ದೇವಸ್ಥಾನದ ಜಾತ್ರೆಗೆ ಬಂತು, ಕೋಲಕ್ಕೂ ಬಂತು.

ಕೆಲವು ವರುಷಗಳ ಹಿಂದೆ ಬಂಟ್ವಾಳದ ಕಡೆಯ ಒಂದು ನೇಮದಲ್ಲಿ ಊದುಗಾರರೊಬ್ಬರ ಬದಿಯಲ್ಲೇ ನನಗೆ ಜಾಗ ಸಿಕ್ಕಿತ್ತು. ತೊಡೆಯ ಮೇಲೆ ಸ್ಯಾಕ್ಸೊಫೋನು. ಬದಿಯಲ್ಲಿ ಬೈರಾಸು ಹಾಸಿ ಮಲಗಿಸಿದ ನಾಗಸ್ವರ. ರಾತ್ರಿಯ ಬಹುಪಾಲು ಸ್ಯಾಕ್ಸೊಫೋನಿನಲ್ಲೇ ನಡೆಯಿತು. ಗಗ್ಗರ ಕೊಡುವ ಹೊತ್ತು ಹತ್ತಿರವಾದಾಗ ಅವರು ಅದನ್ನು ಕೆಳಗಿಟ್ಟು, ನಾಗಸ್ವರವನ್ನೆತ್ತಿ ಸೀವಾಳಿಯನ್ನು ತುಟಿಯ ನಡುವೆ ನೆನೆಹಾಕಿಕೊಂಡು ಕಾದರು. "ಯಾಕಣ್ಣ, ಅದರಲ್ಲೇ ಊದಬಹುದಿತ್ತಲ್ಲ?" ಎಂದು ಕೇಳಿದೆ. ಬಾಯಿಯಲ್ಲಿ ಸೀವಾಳಿ ಇದ್ದುದರಿಂದ ಅವರು ಮಾತಾಡಲಿಲ್ಲ. ಒಳಗಿನಿಂದ ಗಗ್ಗರದ ಸದ್ದು ಕೇಳಿಸಿತು. ಬಲಗೈಯ ಬೆರಳಿನಿಂದ ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿ, ಕೆನ್ನೆಯುಬ್ಬಿಸಿದರು.